ಗೆರೆ ಎಲ್ಲಿ ಎಳೀತೀರಿ ಹೇಳಿ

ಬುರುಂಡಿ ಅಂತ ಒಂದು ದೇಶ. ಆಫ್ರಿಕಾದ ಭೂಪಟದಲ್ಲಿ ಹುಡುಕಿದರೆ ಹುಣಸೆ ಬೀಜದಷ್ಟು ಕಾಣುತ್ತದೆ. 27,834 ಚದರ ಕಿಲೋಮೀಟರ್. ಕರ್ನಾಟಕವನ್ನು ಏಳು ಪಾಲು ಮಾಡಿದರೆ ಹೆಚ್ಚುಕಮ್ಮಿ ಅದರಲ್ಲೊಂದು ಪಾಲು. ಸಮುದ್ರವಿಲ್ಲ. ಒಂದು ಕಡೆ ಟಾಂಗಾನಿಕಾ ಅನ್ನೋ ದೊಡ್ಡ ಸರೋವರ, ಬಹುಪಾಲು ಗುಡ್ಡ. ಗುಡ್ಡದ ಮೈಮೇಲೆ ಬಾಳೆ, ಮರಗೆಣಸು, ಕಾಫಿ. ಮೊದಲು ಜರ್ಮನ್ನರು ಆಳಿದರು, ಆಮೇಲೆ ಬೆಲ್ಜಿಯಂನವರು. 1962ರಲ್ಲಿ ಅವರು ಬಿಟ್ಟು ಹೋದರು.

ಅಲ್ಲಿನ ಜನ ಆಡುವುದು ಒಂದೇ ಭಾಷೆ, ಕಿರುಂಡಿ. ಆದರೂ ಹುಟು, ಟುಟ್ಸಿ, ಟ್ವಾ ಅಂತ ಮೂರು ಪಂಗಡ. ಟ್ವಾ ಜನ ಮಡಕೆ ಮಾಡುವವರು. ಅವರು ಮಾಡಿದ ಮಡಕೆ ಬೇಕು, ಅವರ ಜೊತೆ ಕೂತು ಉಣ್ಣೋದು ಬೇಡ. ಇದನ್ನು ಓದಿದಾಗ ದೂರದ ಆ ದೇಶ ನಮಗೆ ಪಕ್ಕದ ಹೋಬಳಿಯ ಹಾಗೆ ಹತ್ತಿರ ಬಂತು. ಹುಟು ಟುಟ್ಸಿಗಳ ನಡುವೆ ಇದ್ದ ಅಂತರಕ್ಕೆ ಬೆಲ್ಜಿಯಂನವರು ಗೋಡೆ ಕಟ್ಟಿದರು. ಆ ಗೋಡೆ 1972ರಲ್ಲಿ ರಕ್ತ ಕುಡಿಯಿತು. ಜನ ಓಟು ಹಾಕಿ ಆರಿಸಿದ ಅಧ್ಯಕ್ಷ ಮೆಲ್ಶಿಯರ್ ಎನ್ದಾದಾಯೆಯನ್ನು 1993ರ ಅಕ್ಟೋಬರಿನಲ್ಲಿ ಸೈನಿಕರು ಕೊಂದರು, ಮತ್ತೆ ರಕ್ತ. ಹತ್ತು ವರ್ಷಕ್ಕೂ ಮೀರಿ ನಡೆದ ಆ ಯುದ್ಧದಲ್ಲಿ ಸುಮಾರು 3 ಲಕ್ಷ ಜನ ಸತ್ತರು ಅಂತ ಅಂದಾಜು.

ಅದೇ 1993ರ ಮೇ ತಿಂಗಳಲ್ಲಿ, ಯುದ್ಧಕ್ಕೆ ಐದು ತಿಂಗಳ ಮೊದಲು, ದೇಶದ ಪೂರ್ವಕ್ಕಿದ್ದ ರುಯಿಗಿ ಪ್ರಾಂತ್ಯದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಹೆಸರು ಫ್ರಾನ್ಸಿನ್ ನಿಯೊನ್ಸಾಬಾ. ಮುಂದೆ 800 ಮೀಟರ್ ಓಟದಲ್ಲಿ ಲೋಕಕ್ಕೇ ಎರಡನೆಯವಳಾದಳು. ಅವಳು ಅಂತಲೇ ಬರೀತೀವಿ. ಮನೆ ಮಗಳಿಗೆ ಬಹುವಚನ ಹಾಕೋ ರೂಢಿ ನಮ್ಮ ಹಟ್ಟಿಯಲ್ಲಿಲ್ಲ.

ಬುರುಂಡಿಯ ಹುಡುಗಿ ನಿಮಗೆ ಹೇಗೆ ಮನೆ ಮಗಳಾದಳು ಅಂತ ಕೇಳಬಹುದು. ಶಾಂತಿಯಿಂದಾಗಿ ಆದಳು. ಶಾಂತಿ ಸೌಂದರರಾಜನ್ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯವಳು. ದಲಿತರ ಮಗಳು. ಅಪ್ಪ ಅವ್ವ ಇಟ್ಟಿಗೆ ಗೂಡಿನಲ್ಲಿ ದುಡಿದವರು. 2006ರ ಡಿಸೆಂಬರಿನಲ್ಲಿ ದೋಹಾದ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ 800 ಮೀಟರ್ ಓಡಿ ಬೆಳ್ಳಿ ಗೆದ್ದಳು. ಗೆದ್ದ ಮೇಲೆ ಅವಳ ಮೈಯನ್ನು ಪರೀಕ್ಷೆ ಮಾಡಿದರು. ಇವಳು ಹೆಣ್ಣು ಅನ್ನೋ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಅಂದರು. ಪದಕ ಕಿತ್ತುಕೊಂಡರು. ಸುದ್ದಿಯನ್ನು ಲೋಕಕ್ಕೆಲ್ಲ ಡಂಗುರ ಹೊಡೆದರು. ಕೆಲವೇ ವರ್ಷಗಳಲ್ಲಿ ಆ ಹುಡುಗಿ ಮತ್ತೆ ಇಟ್ಟಿಗೆ ಗೂಡಿಗೆ ದಿನಗೂಲಿಗೆ ಹೋಗಬೇಕಾಯಿತು.

ನಾವು ಆಗ ತಾಲ್ಲೂಕು ಕೇಂದ್ರದ ಒಂದು ಹಾಸ್ಟೆಲಿನಲ್ಲಿದ್ದೆವು. ಇದ್ದದ್ದೊಂದು ಪೇಪರು, ಒಬ್ಬ ಜೋರಾಗಿ ಓದೋದು, ಉಳಿದವರು ಕೇಳೋದು. ಆ ದಿನ ಓದುವವನು ಅರ್ಧಕ್ಕೆ ನಿಲ್ಲಿಸಿದ. ಯಾರೂ ಮುಂದೆ ಓದು ಅನ್ನಲಿಲ್ಲ. ಅಂದಿನಿಂದ 800 ಮೀಟರ್ ಓಡುವ ಹೆಣ್ಣುಮಕ್ಕಳ ಸುದ್ದಿ ಎಲ್ಲಿದ್ದರೂ ಹುಡುಕಿ ಓದೋದು ನಮಗೆ ಅಭ್ಯಾಸವಾಯಿತು. ಹಾಗೆ ಓದುತ್ತ ಹೋದವರಿಗೆ ಸಿಕ್ಕವಳು ಫ್ರಾನ್ಸಿನ್.

ಅವಳಿಗಿಂತ ಮೊದಲು ಅವಳ ದೇಶದ ಇಬ್ಬರ ಮಾತು ಹೇಳಬೇಕು. ಒಲಿಂಪಿಕ್ಸಿಗೆ ಹೋಗಬೇಕಾದರೆ ಕಾಲಿನಲ್ಲಿ ಬಲ ಇದ್ದರೆ ಸಾಲದು. ದೇಶಕ್ಕೊಂದು ಮಾನ್ಯತೆ ಪಡೆದ ಸಮಿತಿ ಇರಬೇಕು. ಬುರುಂಡಿಗೆ ಅದು ಇರಲಿಲ್ಲ. ದ್ಯುದೊನೆ ಕ್ವಿಜೆರಾ ಅನ್ನೋ ಓಟಗಾರ 1988ರ ಸೋಲ್‌ಗೂ ಹೋಗಲಾಗಲಿಲ್ಲ, 1992ರ ಬಾರ್ಸಿಲೋನಾಕ್ಕೂ ಹೋಗಲಾಗಲಿಲ್ಲ. ಸಮಿತಿ ಆಗಿ ಮಾನ್ಯತೆ ಸಿಕ್ಕಿ 1996ರ ಅಟ್ಲಾಂಟಾಕ್ಕೆ ಬುರುಂಡಿ ಮೊದಲ ಸಲ ಹೊರಟಾಗ ಅವನ ಓಟದ ವಯಸ್ಸು ದಾಟುತ್ತಿತ್ತು. ತಂಡದ ಕೋಚಾಗಿ ಹೊರಟಿದ್ದ. ಆಗ ಆ ದೇಶದ ದೊಡ್ಡ ಓಟಗಾರ ವೆನುಸ್ಟ್ ನಿಯೊಂಗಾಬೊ. 1995ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 1500 ಮೀಟರಿನ ಕಂಚು ಗೆದ್ದವನು. ಅವನು ತನ್ನ 1500 ಮೀಟರಿನ ಜಾಗವನ್ನು ಕ್ವಿಜೆರಾನಿಗೆ ಬಿಟ್ಟುಕೊಟ್ಟ. ನೀನು ಇಷ್ಟು ವರ್ಷ ಕಾದಿದ್ದೀಯ, ನೀನು ಓಡು ಅಂತ. ತಾನು ಹೆಚ್ಚು ಅಭ್ಯಾಸವಿಲ್ಲದ 5000 ಮೀಟರಿಗೆ ನಿಂತ.  ಜುಲೈ 25ರಂದು ಊರಿನಲ್ಲಿ ಸೈನ್ಯ ಸರ್ಕಾರವನ್ನು ಕೆಡವಿತು. ಆಗಸ್ಟ್ 3ರಂದು ನಿಯೊಂಗಾಬೊ 13 ನಿಮಿಷ 7.96 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ಕ್ವಿಜೆರಾ ಮೊದಲ ಸುತ್ತು ದಾಟಲಿಲ್ಲ. ಆದರೆ ಓಡಿದ. ಒಲಿಂಪಿಕ್ಸಿನ ಪಟ್ಟಿಯಲ್ಲಿ ಅವನ ಹೆಸರು ಇದೆ.

ಜಾಗ ಅನ್ನೋದರ ಬೆಲೆ ಜಾಗ ಸಿಗದವರಿಗೆ ಗೊತ್ತು. ಬಸ್ಸಿನಲ್ಲಿ, ಬೆಂಚಿನಲ್ಲಿ, ಪಂಕ್ತಿಯಲ್ಲಿ ಜಾಗ ಇಲ್ಲದೆ ಬೆಳೆದವರು ನಾವು. ಒಬ್ಬ ತನ್ನ ಜಾಗ ಎದ್ದು ಕೊಟ್ಟ ಅನ್ನೋದು ನಮಗೆ ಚಿನ್ನಕ್ಕಿಂತ ದೊಡ್ಡ ಸುದ್ದಿ. ಬುರುಂಡಿಯ ಓಟದ ಚರಿತ್ರೆ ಶುರುವಾಗೋದೇ ಹೀಗೆ. ಆ ಚರಿತ್ರೆಯಲ್ಲಿ ಎರಡನೇ ಪದಕಕ್ಕೆ 20 ವರ್ಷ ಕಾಯಬೇಕಾಯಿತು. ಅದನ್ನು ತಂದವಳು ಫ್ರಾನ್ಸಿನ್.

2012ರಲ್ಲಿ, 19ರ ಹುಡುಗಿ, ಪೋರ್ಟೊ ನೋವೊ ಊರಿನಲ್ಲಿ ಆಫ್ರಿಕಾ ಖಂಡಕ್ಕೇ ಮೊದಲಿಗಳಾದಳು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ ಫೈನಲ್ ತಲುಪಿ ಏಳನೆಯವಳಾದಳು. ಆ ಓಟ ಗೆದ್ದ ರಷ್ಯಾದವಳು ಮದ್ದು ತಗೊಂಡು ಓಡಿದ್ದಳು ಅಂತ ವರ್ಷಗಳ ಮೇಲೆ ಹೊರಬಿತ್ತು. ಅವಳ ಚಿನ್ನ ಹೋಯಿತು. ಕಂಚು ಗೆದ್ದವಳದ್ದೂ ಹೋಯಿತು. ಫ್ರಾನ್ಸಿನ್ ಪಟ್ಟಿಯಲ್ಲಿ ಮೇಲೆ ಬಂದಳು. ಮದ್ದು ತಗೊಂಡವರನ್ನು ಹೊರಗೆ ಹಾಕೋದು ಸರಿಯಾದ ನ್ಯಾಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮದ್ದು ಬೇರೆ ವೇಷದಲ್ಲಿ ಬರುತ್ತದೆ.

ನಮ್ಮ ದೇಹ ಟೆಸ್ಟೋಸ್ಟೆರೋನ್ ಅನ್ನೋ ಒಂದು ರಸವನ್ನು ತಾನೇ ಮಾಡಿಕೊಳ್ಳುತ್ತದೆ. ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಕಮ್ಮಿ. ಕೆಲವು ಹೆಂಗಸರಲ್ಲಿ ಹುಟ್ಟಿನಿಂದಲೇ ಬೇರೆ ರೀತಿ ಇದ್ದು ಹೆಚ್ಚಾಗಿರುತ್ತದೆ. ಈ ರಸ ಸ್ನಾಯುವಿಗೆ ಬಲ ಕೊಡುತ್ತದೆ, ರಕ್ತದ ಕೆಂಪು ಕಣ ಹೆಚ್ಚಿಸುತ್ತದೆ. ಆದ್ದರಿಂದ ಅಂಥವರು ಹೆಂಗಸರ ಜೊತೆ ಓಡಬೇಕಾದರೆ ಅದನ್ನು ಇಳಿಸಿಕೊಳ್ಳಬೇಕು ಅಂತ ಅಥ್ಲೆಟಿಕ್ಸಿನ ವಿಶ್ವ ಸಂಸ್ಥೆ 2011ರಲ್ಲಿ ನಿಯಮ ತಂದಿತು. ಆಗ ಗೆರೆ ಇದ್ದದ್ದು ಒಂದು ಲೀಟರ್ ರಕ್ತದಲ್ಲಿ 10 ನ್ಯಾನೋಮೋಲ್.

ಈ ಗೆರೆಯನ್ನು ಮೊದಲು ನ್ಯಾಯಾಲಯಕ್ಕೆ ಎಳೆದವಳು ನಮ್ಮ ದೇಶದ ಹುಡುಗಿ. ಒಡಿಶಾದ ನೇಕಾರರ ಮಗಳು ದ್ಯುತಿ ಚಂದ್. 2014ರ ಕಾಮನ್‌ವೆಲ್ತ್ ಕೂಟದ ತಂಡದಿಂದ ಅವಳನ್ನು ಕೈಬಿಟ್ಟರು. ಅವಳು ತಲೆ ತಗ್ಗಿಸಿ ಊರಿಗೆ ಹೋಗಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಾಲಯಕ್ಕೆ ಹೋದಳು. ಈ ರಸದಿಂದ ಎಷ್ಟು ಲಾಭ ಅಂತ ಪುರಾವೆ ತನ್ನಿ, ಅಲ್ಲಿಯವರೆಗೆ ನಿಯಮ ನಿಲ್ಲಲಿ ಅಂತ 2015ರ ಜುಲೈನಲ್ಲಿ ನ್ಯಾಯಾಲಯ ಹೇಳಿತು. ನೇಕಾರರ ಮಗಳು ತೆರೆದ ಆ ಬಾಗಿಲಿನಿಂದ ಎಷ್ಟು ಜನ ಹೆಣ್ಣುಮಕ್ಕಳು ಒಳಗೆ ಹೋದರು ಅನ್ನೋದನ್ನ ನಾವು ಯಾರೂ ಎಣಿಸಿಲ್ಲ.

ಅದಾದ ಮರುವರ್ಷವೇ ರಿಯೊ. 2016ರ ಆಗಸ್ಟ್ 20ರ ರಾತ್ರಿ ಅಲ್ಲಿ. ನಮಗೆ 21ರ ಬೆಳಗು. ಟೀವಿ ಇದ್ದ ಒಬ್ಬ ಗೆಳೆಯನ ಮನೆಯಲ್ಲಿ ಆರು ಜನ ಕೂತಿದ್ದೆವು. ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ 1 ನಿಮಿಷ 55.28 ಸೆಕೆಂಡು. ಅವಳ ಹಿಂದೆ ಫ್ರಾನ್ಸಿನ್ 1 ನಿಮಿಷ 56.49. ಮೂರನೆಯವಳು ಕೀನ್ಯಾದ ಮಾರ್ಗರೆಟ್ ವಾಂಬುಯಿ. ಮೂವರೂ ಆಫ್ರಿಕಾದ ಹೆಣ್ಣುಮಕ್ಕಳು. ಗೆಳೆಯನ ಅವ್ವ ರೊಟ್ಟಿ ತಟ್ಟುತ್ತ, ‘ಯಾರವ್ವ ಈ ಮಕ್ಕಳು, ನಮ್ಮ ಮಕ್ಕಳ ಹಂಗೇ ಅವರಲ್ಲ’ ಅಂದಳು. ಅಷ್ಟೇ ಹೇಳಿದ್ದು. ನಮಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿರಲಿಲ್ಲ.

ಹೊರಗಿನ ಲೋಕ ಬೇರೆ ಮಾತು ಆಡಿತು. ಐದನೆಯವಳಾದ ಪೋಲೆಂಡಿನ ಓಟಗಾರ್ತಿ, ತನಗೆ ಬೆಳ್ಳಿ ಗೆದ್ದ ಹಾಗೆ ಅನ್ನಿಸುತ್ತಿದೆ, ಯುರೋಪಿನವರಲ್ಲಿ ತಾನು ಮೊದಲು, ಬಿಳಿಯರಲ್ಲಿ ಎರಡನೆಯವಳು ಅಂತ ಹೇಳಿದಳೆಂದು ಪತ್ರಿಕೆಗಳು ಬರೆದವು. ಬಾಯಿ ತಪ್ಪಿಯೋ ಏನೋ, ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು.

ಆದರೂ ಒಂದು ಮಾತು ನೇರವಾಗಿ ಹೇಳಬೇಕು. ಸೋತ ಹೆಣ್ಣುಮಕ್ಕಳ ನೋವನ್ನು ನಾವು ಹಗುರ ಮಾಡೋದಿಲ್ಲ. ಅವರೂ ಬೆಳಗಿನ ಜಾವ ಎದ್ದು ಮೈ ಮುರಿದವರು. ಹೆಂಗಸರಿಗೆ ಬೇರೆ ಓಟ ಅಂತ ಆದದ್ದೂ ಸುಮ್ಮನೆ ಆದದ್ದಲ್ಲ. 1928ರ ಆಮ್ಸ್ಟರ್ಡ್ಯಾಂ ಒಲಿಂಪಿಕ್ಸಿನಲ್ಲಿ ಹೆಂಗಸರು ಮೊದಲ ಸಲ 800 ಮೀಟರ್ ಓಡಿದರು. ಓಡಿ ಮುಗಿಸಿ ಸುಸ್ತಾದರು ಅನ್ನೋದನ್ನೇ ನೆಪ ಮಾಡಿ, ಹೆಂಗಸಿನ ಮೈಗೆ ಇದು ಆಗದು ಅಂತ ಗಂಡಸರು ಆ ಓಟವನ್ನೇ ಕಿತ್ತು ಹಾಕಿದರು. ಅದು ತಿರುಗಿ ಬಂದದ್ದು 1960ರಲ್ಲಿ, ರೋಮಿನಲ್ಲಿ. 32 ವರ್ಷ! ಹೋರಾಡಿ ಪಡೆದ ಜಾಗವನ್ನು ಕಾಪಾಡಿಕೊಳ್ಳಬೇಕು ಅನ್ನೋ ಹೆಂಗಸರ ಆತಂಕ ಸುಳ್ಳಲ್ಲ. ನಮ್ಮ ಪ್ರಶ್ನೆ ಇಷ್ಟು: ಜಾಗ ಕಾಯಬೇಕಾದಾಗಲೆಲ್ಲ ಹೊರಗೆ ನಿಲ್ಲೋದು ಯಾಕೆ ಯಾವಾಗಲೂ ಇದೇ ಹುಡುಗಿಯರು? ರುಯಿಗಿಯವಳು, ಪುದುಕ್ಕೋಟ್ಟೈಯವಳು, ಯಾಕೆ?

ಹೆಣ್ಣನ್ನು ಪರೀಕ್ಷೆ ಮಾಡೋ ಚಾಳಿ ಹೊಸದಲ್ಲ. 1966ರಲ್ಲಿ ಬುಡಾಪೆಸ್ಟಿನಲ್ಲಿ ಯುರೋಪಿನ ಓಟಗಾರ್ತಿಯರನ್ನು ಡಾಕ್ಟರುಗಳ ಮುಂದೆ ಬತ್ತಲೆ ನಡೆಸಿದರು. 1968ರ ಮೆಕ್ಸಿಕೋ ಒಲಿಂಪಿಕ್ಸಿನಿಂದ ಎಲ್ಲ ಹೆಂಗಸರಿಗೂ ವರ್ಣತಂತುವಿನ ಪರೀಕ್ಷೆ ಬಂತು. ಅದರಿಂದ ಅನ್ಯಾಯವಾಗುತ್ತದೆ ಅಂತ ವಿಜ್ಞಾನಿಗಳೇ ಕೂಗಿದ ಮೇಲೆ 1999ರಲ್ಲಿ ಕೈಬಿಟ್ಟರು. ಆಮೇಲೆ ಅನುಮಾನ ಬಂದವರನ್ನು ಮಾತ್ರ ಕರೆದು ನೋಡೋದು ಅಂತಾಯಿತು. ಅನುಮಾನ ಯಾರ ಮೇಲೆ ಬರುತ್ತದೆ? ತೆಳ್ಳಗೆ ಬೆಳ್ಳಗೆ ಇದ್ದವಳ ಮೇಲೆ ಬರುತ್ತದಾ?

ಇದನ್ನು ತಿಳಿಯೋಕೆ ನಮಗೆ ಲೊಸಾನ್ ಬೇಕಿಲ್ಲ. ನಮ್ಮ ಹಟ್ಟಿಯಲ್ಲಿ ಒಬ್ಬಳಿದ್ದಳು, ಅಕ್ಕ ಅಂತ ಕರೀತಿದ್ದೆವು. ಏಳನೇ ಕ್ಲಾಸಿನಲ್ಲಿ ತಾಲ್ಲೂಕು ಕ್ರೀಡಾಕೂಟಕ್ಕೆ ಹೋದಳು. ಬೂಟಿಲ್ಲ. ಸುಣ್ಣದ ಗೆರೆ ಎಳೆದ ಮೈದಾನದಲ್ಲಿ ಬರಿಗಾಲಲ್ಲಿ ಓಡಿ ಎಲ್ಲರನ್ನೂ ಹಿಂದೆ ಹಾಕಿದಳು. ಸೋತ ಕಡೆಯ ದೊಡ್ಡವರೊಬ್ಬರು, ‘ಇದು ಗಂಡುಬೀರಿ, ಹೆಣ್ಣೋ ಗಂಡೋ ನೋಡಿ’ ಅಂದರು. ಇಬ್ಬರು ಹೆಂಗಸರು ಅವಳನ್ನು ಒಂದು ಕೋಣೆಗೆ ಕರಕೊಂಡು ಹೋದರು. ಹತ್ತು ನಿಮಿಷ. ಹೊರಗೆ ಬಂದಾಗ ಸ್ಟೀಲ್ ಲೋಟದ ಬಹುಮಾನ ಕೊಟ್ಟರು. ಅಕ್ಕ ಆ ಲೋಟದಲ್ಲಿ ಒಂದು ದಿನವೂ ನೀರು ಕುಡಿಯಲಿಲ್ಲ. ಮತ್ತೆ ಓಡಲೂ ಇಲ್ಲ. ಮರುವರ್ಷ ಕಳೆ ಕೀಳೋಕೆ ಹೋದಳು. ಅಲ್ಲಿ ಯಾರೂ ಅನುಮಾನ ಪಡಲಿಲ್ಲ. ಗಂಡಾಳಿನ ಸಮಕ್ಕೆ ದುಡಿದಳು, ಹೆಣ್ಣಾಳು ಅಂತ ಕಮ್ಮಿ ಕೂಲಿ ಕೊಟ್ಟರು. ಕೂಲಿ ಕೊಡುವಾಗ ಅವಳು ಹೆಣ್ಣು, ಬಹುಮಾನ ಕೊಡುವಾಗ ಅನುಮಾನ! ಈ ಲೆಕ್ಕ ನಮ್ಮ ಊರಿನದ್ದೂ ಹೌದು, ಲೋಕದ್ದೂ ಹೌದು.

ರಿಯೊ ಆದ ಮೇಲೆ ಫ್ರಾನ್ಸಿನ್ ಇನ್ನೂ ಬೆಳೆದಳು. 2017ರ ಜುಲೈನಲ್ಲಿ ಮೊನಾಕೊದಲ್ಲಿ 1 ನಿಮಿಷ 55.47 ಸೆಕೆಂಡು, ಅವಳ ಬದುಕಿನ ಶ್ರೇಷ್ಠ 800 ಮೀಟರ್. ಆಗಸ್ಟಿನಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಮತ್ತೆ ಬೆಳ್ಳಿ. ಅದೇ ವರ್ಷ ಅಕ್ಟೋಬರಿನಲ್ಲಿ ಅವಳ ದೇಶದ ಅಧ್ಯಕ್ಷ ಒಂದು ಆಜ್ಞೆ ಹೊರಡಿಸಿದ: ಬುರುಂಡಿಯ ಪವಿತ್ರ ನಗಾರಿಯನ್ನು ಹೆಂಗಸರು ಬಾರಿಸಬಾರದು. ತಮಟೆ ಹಿಡಿದ ಕುಲದವರು ನಾವು. ಚರ್ಮ ಹದ ಮಾಡಿದ ಕೈ ಯಾವುದು, ಬಾರಿಸುವ ಹಕ್ಕು ಯಾರದು ಅನ್ನೋ ಜಗಳ ನಮಗೆ ಹೊಸತಲ್ಲ. ಹೊರಗಿನವರು ಓಡಬೇಡ ಅನ್ನೋಕೆ ತಯಾರಾಗುತ್ತಿದ್ದಾಗ ಒಳಗಿನವರು ಬಾರಿಸಬೇಡ ಅಂದರು. 2018ರ ಮಾರ್ಚಿನಲ್ಲಿ ಅವಳು ಬರ್ಮಿಂಗ್‌ಹ್ಯಾಮಿನಲ್ಲಿ ಒಳಾಂಗಣ ವಿಶ್ವ ಚಾಂಪಿಯನ್ ಆದಳು, 2016ರಲ್ಲೂ ಆಗಿದ್ದಳು. ಎರಡನೇ ಕಿರೀಟದ ಮರುತಿಂಗಳೇ ಹೊಸ ನಿಯಮ ಬಂತು.

2018ರ ಏಪ್ರಿಲಿನ ಆ ನಿಯಮ ಹೇಳಿತು: ಗೆರೆ ಇನ್ನು 10 ಅಲ್ಲ, 5. ಆರು ತಿಂಗಳು ಅದರ ಕೆಳಗೇ ಇರಬೇಕು. ಆದರೆ ಎಲ್ಲ ಸ್ಪರ್ಧೆಗೂ ಅಲ್ಲ; 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. ಯಾಕೆ ಅಷ್ಟಕ್ಕೇ? ಸಂಸ್ಥೆಯವರು ತಮ್ಮ ಪುರಾವೆಗಳಲ್ಲಿ 2017ರ ಒಂದು ಅಧ್ಯಯನವನ್ನು ಮುಂದಿಟ್ಟಿದ್ದರು. ಅದರ ಲೇಖಕರೂ ಅವರ ಕಡೆಯ ವಿಜ್ಞಾನಿಗಳೇ. ಆ ಅಧ್ಯಯನದಲ್ಲಿ ಈ ರಸ ಹೆಚ್ಚಿದ್ದ ಹೆಂಗಸರಿಗೆ ಅನುಕೂಲ ಕಂಡಿದ್ದು 400, 800 ಮೀಟರುಗಳ ಜೊತೆಗೆ ಹ್ಯಾಮರ್ ಎಸೆತದಲ್ಲಿ ಮತ್ತು ಪೋಲ್ ವಾಲ್ಟಿನಲ್ಲಿ. ಹ್ಯಾಮರು, ಪೋಲ್ ವಾಲ್ಟು ನಿಯಮದೊಳಗೆ ಬರಲಿಲ್ಲ. ಅನುಕೂಲ ಕಾಣದ 1500 ಮೀಟರು, ಮೈಲಿ ಓಟ ಒಳಗೆ ಬಂದವು. ಸೆಮೆನ್ಯಾ ಓಡುತ್ತಿದ್ದದ್ದು 800 ಮತ್ತು 1500. ಓದುಗರು ತಾವೇ ಕೂಡಿ ಕಳೆದು ನೋಡಿಕೊಳ್ಳಿ. 2021ರಲ್ಲಿ ಆ ಲೇಖಕರೇ ತಮ್ಮ ಮಾತು ದಾರಿ ತಪ್ಪಿಸುವಂತೆ ಇದ್ದಿರಬಹುದು, ಇದರಿಂದ ಅದಾಗುತ್ತದೆ ಅಂತ ಸಾಬೀತಾಗಿಲ್ಲ ಅಂತ ತಿದ್ದುಪಡಿ ಪ್ರಕಟಿಸಿದರು. ಆ ಹೊತ್ತಿಗೆ ಹುಡುಗಿಯರ ಓಟ ನಿಂತು ಎರಡು ವರ್ಷ ಆಗಿತ್ತು.

ಸೆಮೆನ್ಯಾ ನ್ಯಾಯಾಲಯಕ್ಕೆ ಹೋದಳು. 2019ರ ಮೇ 1ರಂದು ಲೊಸಾನ್‌ನ ಕ್ರೀಡಾ ನ್ಯಾಯಾಲಯ ತೀರ್ಪು ಕೊಟ್ಟಿತು. ಮೂವರಲ್ಲಿ ಇಬ್ಬರ ಬಹುಮತ. ಈ ನಿಯಮ ತಾರತಮ್ಯ ಮಾಡುತ್ತದೆ ಅನ್ನೋದನ್ನ ಒಪ್ಪಿದರು. ಒಪ್ಪಿ, ಆದರೂ ಇದು ಅಗತ್ಯ, ಇದು ನ್ಯಾಯವಾದ ಅಳತೆಯಲ್ಲೇ ಇದೆ ಅಂದರು. ಕಾರ್ಮಿಕರ ದಿನ ಬಂದ ತೀರ್ಪು!

ತಾರತಮ್ಯ ಹೌದು, ಆದರೆ ಅಗತ್ಯ. ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ! ‘ನಿಮ್ಮ ಮೇಲೆ ನಮಗೇನೂ ದ್ವೇಷ ಇಲ್ಲಪ್ಪ, ಆದರೆ ಊರಿನ ಕಟ್ಟಳೆ ಉಳೀಬೇಕಲ್ಲ.’ ‘ಲೋಟ ಬೇರೆ ಇಟ್ಟಿದ್ದೀವಿ, ಟೀ ಅದೇ ಅಲ್ಲವಾ?’ ಇಂಥ ಹೆಣ್ಣುಮಕ್ಕಳಿಗೆ ಬೇರೆ ಒಂದು ವಿಭಾಗವನ್ನೇ ಮಾಡಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಬೇರೆ ವಿಭಾಗ ಅಂದ ಕೂಡಲೆ ನಮಗೆ ಹೋಟೆಲಿನ ಹಿಂದಿನ ಗೋಡೆಗೆ ಸಿಕ್ಕಿಸಿದ ತೆಂಗಿನ ಚಿಪ್ಪು ನೆನಪಾಗುತ್ತದೆ. ದೇವಸ್ಥಾನದಿಂದ ಎಷ್ಟು ಹೆಜ್ಜೆ ದೂರ ನಿಂತರೆ ಮೈಲಿಗೆ ಆಗೋದಿಲ್ಲ ಅಂತ ನಮ್ಮ ಹಿರಿಯರಿಗೆ ಲೆಕ್ಕ ಇತ್ತು. ಈಗ ಅದೇ ಲೆಕ್ಕಕ್ಕೆ ನ್ಯಾನೋಮೋಲ್ ಅನ್ನೋ ಹೆಸರು ಬಂದಿದೆ.

ತನ್ನ ದೇಹವೂ ಈ ನಿಯಮದ ಕೆಳಗೆ ಬರುತ್ತದೆ ಅಂತ ಫ್ರಾನ್ಸಿನ್ 2019ರಲ್ಲಿ ತಾನೇ ಲೋಕದ ಮುಂದೆ ಹೇಳಿದಳು. ಪೇಪರಿನವರು ಪಿಸುಗುಟ್ಟುತ್ತಿದ್ದದ್ದನ್ನು ಅವಳು ಬಾಯಿಬಿಟ್ಟು ಆಡಿದಳು. ಅವಳ ಮುಂದೆ ದಾರಿಗಳಿದ್ದವು: ಮಾತ್ರೆ ನುಂಗು, ಇಂಜೆಕ್ಷನ್ ತಗೋ, ಇಲ್ಲಾ ಆಪರೇಷನ್ ಮಾಡಿಸಿಕೋ. ಮದ್ದು ತಗೊಂಡರೆ ಹೊರಗೆ ಅನ್ನೋ ಆಟದಲ್ಲಿ ಇವಳಿಗೆ ಮಾತ್ರ ಮದ್ದು ತಗೊಳ್ಳದಿದ್ದರೆ ಹೊರಗೆ. ಆಪರೇಷನ್ ಅನ್ನೋದು ಬಾಯಿಮಾತಿನ ಬೆದರಿಕೆ ಅಂದುಕೊಳ್ಳಬೇಡಿ. ಹಿಂದುಳಿದ ದೇಶಗಳ ಹಳ್ಳಿಗಾಡಿನಿಂದ ಬಂದ ನಾಲ್ಕು ಜನ ಎಳೆ ವಯಸ್ಸಿನ ಓಟಗಾರ್ತಿಯರಿಗೆ ಫ್ರಾನ್ಸಿನಲ್ಲಿ ಮೈ ಕೊಯ್ದ ಸಂಗತಿಯನ್ನು ಡಾಕ್ಟರುಗಳೇ 2013ರಲ್ಲಿ ವೈದ್ಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಉಗಾಂಡಾದ 800 ಮೀಟರಿನ ಓಟಗಾರ್ತಿ ಆನೆಟ್ ನೆಗೆಸಾ, 2012ರಲ್ಲಿ ತನಗೆ ಆದ ಆಪರೇಷನ್ನಿನ ಕಥೆಯನ್ನು 2019ರಲ್ಲಿ ಹೊರಗೆ ಹೇಳಿಕೊಂಡಳು. ಆಮೇಲೆ ಅವಳು ಮೊದಲಿನ ಹಾಗೆ ಓಡಲಾಗಲಿಲ್ಲ.

ಫ್ರಾನ್ಸಿನ್ ಮೈ ಮುಟ್ಟಿಸಿಕೊಳ್ಳಲಿಲ್ಲ. ಒಂದು ಮೈಲಿವರೆಗೆ ತಾನೆ ನಿಮ್ಮ ಗೆರೆ? ಅದರಾಚೆ ಓಡ್ತೀನಿ ಅಂತ ಹೊರಟಳು.

ಇದು ಎಷ್ಟು ಕಷ್ಟ ಅಂತ ಓಡಿದವರಿಗೆ ಗೊತ್ತು. 800 ಮೀಟರ್ ಅಂದರೆ ಮೈದಾನದ ಎರಡು ಸುತ್ತು. ಎರಡು ನಿಮಿಷದೊಳಗೆ ಮುಗಿಯುವ ಉರಿ. 5000 ಅಂದರೆ ಹನ್ನೆರಡೂವರೆ ಸುತ್ತು. 10,000 ಅಂದರೆ 25 ಸುತ್ತು, ಅರ್ಧ ಗಂಟೆ ಮೈ ಬೇಯಬೇಕು. ಉಸಿರು ಬೇರೆ, ಹೆಜ್ಜೆ ಬೇರೆ, ತಾಳ್ಮೆ ಬೇರೆ. ಕಬ್ಬು ಕಡಿಯೋನನ್ನು ಕರೆದು ನಾಳೆಯಿಂದ ಬಾವಿ ತೋಡು ಅಂದ ಹಾಗೆ. 26ನೇ ವಯಸ್ಸಿನಲ್ಲಿ ಅವಳು ಇದನ್ನೆಲ್ಲ ಹೊಸದಾಗಿ ಕಲಿತಳು.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 5000 ಮೀಟರಿನ ಮೊದಲ ಹಂತದಲ್ಲೇ, ಓಡುವಾಗ ಮೈದಾನದ ಗೆರೆ ತುಳಿದಳು ಅಂತ ಅವಳನ್ನು ಅನರ್ಹ ಮಾಡಿದರು. ಅದು ಎಲ್ಲರಿಗೂ ಒಂದೇ ಆದ ಗೆರೆ, ಅದಕ್ಕೆ ನಮ್ಮ ತಕರಾರಿಲ್ಲ. ಆಗಸ್ಟ್ 7ರಂದು 10,000 ಮೀಟರಿನ ಫೈನಲ್ ಓಡಿ ಐದನೆಯವಳಾದಳು, 30 ನಿಮಿಷ 41.93 ಸೆಕೆಂಡು. ಎರಡು ಸುತ್ತಿನ ಓಟಗಾರ್ತಿ 25 ಸುತ್ತಿನ ಓಟದಲ್ಲಿ ಲೋಕಕ್ಕೆ ಐದನೆಯವಳು! ಅಲ್ಲಿಂದ ಐದು ವಾರ ಅವಳನ್ನು ಹಿಡಿಯೋರೇ ಇರಲಿಲ್ಲ. ಅಮೆರಿಕದ ಯೂಜೀನ್‌ನಲ್ಲಿ ಎರಡು ಮೈಲಿ ಗೆದ್ದಳು. ಪ್ಯಾರಿಸಿನಲ್ಲಿ 3000 ಮೀಟರನ್ನು 8 ನಿಮಿಷ 19.08 ಸೆಕೆಂಡಿನಲ್ಲಿ ಗೆದ್ದಳು. ಬ್ರಸೆಲ್ಸಿನಲ್ಲಿ 5000 ಮೀಟರನ್ನು 14 ನಿಮಿಷ 25.34 ಸೆಕೆಂಡಿನಲ್ಲಿ ಗೆದ್ದಳು. ಜೂರಿಚಿನಲ್ಲಿ ಡೈಮಂಡ್ ಲೀಗಿನ ಕಿರೀಟ. ಬ್ರಸೆಲ್ಸ್ ಅಂದರೆ ಬೆಲ್ಜಿಯಂನ ರಾಜಧಾನಿ, ಅವಳ ಅಜ್ಜ ಅಜ್ಜಿಯರ ಕಾಲದ ಒಡೆಯರ ಊರು ಅನ್ನೋದನ್ನ ನಾವು ಸುಮ್ಮನೆ ಗುರುತು ಹಾಕಿಕೊಂಡೆವು.

ಕೊನೆಗೆ ಸೆಪ್ಟೆಂಬರ್ 14ರಂದು ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ 2000 ಮೀಟರ್ ಓಟ. 5 ನಿಮಿಷ 21.56 ಸೆಕೆಂಡು. ವಿಶ್ವದಾಖಲೆ. 2024ರ ಜುಲೈನಲ್ಲಿ ಆಸ್ಟ್ರೇಲಿಯಾದವಳೊಬ್ಬಳು ಮುರಿಯುವ ತನಕ ಅದು ನಿಂತಿತ್ತು. ಒಂದು ಮೈಲಿ ಅಂದರೆ 1609 ಮೀಟರ್. ಅಂದರೆ ಫ್ರಾನ್ಸಿನ್ ದಾಖಲೆ ಬರೆದದ್ದು ಅವರು ಎಳೆದ ಗೆರೆಯಿಂದ ಬರೀ 391 ಮೀಟರ್ ಆಚೆ. ನಮ್ಮ ಹಟ್ಟಿಯಿಂದ ಊರ ಬಾವಿ ಇರೋದೂ ಹೆಚ್ಚುಕಮ್ಮಿ ಅಷ್ಟೇ ದೂರ.

ಗೆರೆ ಎಳೆದವರು ಸುಮ್ಮನಿರಲಿಲ್ಲ. 2023ರ ಮಾರ್ಚಿನಲ್ಲಿ ನಿಯಮ ಮತ್ತೆ ಬದಲಾಯಿತು. 5 ಹೋಗಿ 2.5 ಆಯಿತು. ಆರು ತಿಂಗಳು ಹೋಗಿ 24 ತಿಂಗಳಾಯಿತು. ಮೈಲಿ ಗೀಲಿ ಎಲ್ಲ ಹೋಗಿ ಎಲ್ಲ ಸ್ಪರ್ಧೆಗೂ ಅನ್ವಯವಾಯಿತು. ಅವಳು ಬೆವರು ಹರಿಸಿ ದಾಟಿ ನಿಂತಿದ್ದ ಜಾಗಕ್ಕೇ ಗೆರೆ ನಡೆದು ಬಂತು. 2025ರ ಸೆಪ್ಟೆಂಬರಿನಿಂದ ಇನ್ನೂ ಒಂದು ಹೆಜ್ಜೆ: ವಿಶ್ವ ಮಟ್ಟದಲ್ಲಿ ಹೆಂಗಸರ ವಿಭಾಗದಲ್ಲಿ ಓಡಬೇಕಾದರೆ ಪ್ರತಿಯೊಬ್ಬಳೂ ಒಂದು ಜೀನಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. 1999ರಲ್ಲಿ ಹೊರಗೆ ಕಳಿಸಿದ ಪರೀಕ್ಷೆ ಹೊಸ ಅಂಗಿ ತೊಟ್ಟು ಒಳಗೆ ಬಂತು. ಅದೇ 2025ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಸೆಮೆನ್ಯಾಳ ಅಹವಾಲನ್ನು ಸ್ವಿಟ್ಜರ್ಲೆಂಡಿನ ಕೋರ್ಟು ಸರಿಯಾಗಿ ವಿಚಾರಿಸಲಿಲ್ಲ ಅಂತ ತೀರ್ಪು ಕೊಟ್ಟಿತು. ಹತ್ತು ವರ್ಷ ಓಡಿದವಳಿಗೆ, ನಿನ್ನ ಮಾತನ್ನು ಪೂರ್ತಿ ಕೇಳಬೇಕಿತ್ತು ಅನ್ನೋ ಸಮಾಧಾನ. ಅವಳ ಕಾಲಿನ ವರ್ಷಗಳನ್ನು ಯಾವ ಕೋರ್ಟೂ ವಾಪಸು ಕೊಡಲಾರದು.

ನಾವು ನಾವೇ ಅನ್ನೋದಕ್ಕೆ ಕಾಗದ ತಂದು ತೋರಿಸೋದು ಎಂಥ ಕೆಲಸ ಅಂತ ನಮಗೆ ಗೊತ್ತು. ಜಾತಿ ಸರ್ಟಿಫಿಕೇಟಿಗೆ ಒಂದು ಕಚೇರಿಯ ಮುಂದೆ ಮೂರು ಸೋಮವಾರ ನಿಂತವರು ನಾವು. ಮೇಜಿನ ಹಿಂದೆ ಕೂತಿದ್ದವನು ನಮ್ಮ ಬಟ್ಟೆ ನೋಡಿ, ‘ನೋಡಿದರೆ ಹಂಗೆ ಕಾಣೋದಿಲ್ಲವಲ್ಲ’ ಅಂದ. ನೀರು ಕೊಡುವಾಗ ಕೇಳದೇ ಗೊತ್ತಾಗುವ ಜಾತಿ, ಸೌಲತ್ತು ಕೊಡುವಾಗ ಕಾಗದವಿದ್ದರೂ ಗೊತ್ತಾಗೋದಿಲ್ಲ. ಕೂಲಿಯ ಹೊಲದಲ್ಲಿ ಹೆಣ್ಣಾಗಿದ್ದವಳು ಓಟದ ಮೈದಾನದಲ್ಲಿ ಸರ್ಟಿಫಿಕೇಟು ತರಬೇಕು.

ಓಟದ ಮೈದಾನಕ್ಕೆ ನಿಯಮವೇ ಬೇಡ ಅಂತ ನಾವು ಹೇಳುತ್ತಿಲ್ಲ. ಹೆಂಗಸರ ಓಟ ಹೆಂಗಸರಿಗೇ ಇರಲಿ. ಆದರೆ ಹುಟ್ಟಿನಿಂದ ಹೆಣ್ಣಾಗಿ ಬೆಳೆದು, ಹೆಣ್ಣಾಗಿ ಹೊರೆ ಹೊತ್ತು, ಯಾವ ಮೋಸವನ್ನೂ ಮಾಡದ ಒಬ್ಬಳ ಮೈಯನ್ನೇ ಅಪರಾಧ ಅಂತ ಬರೆಯುವ ಮೊದಲು ಪುರಾವೆ ಗಟ್ಟಿ ಇರಬೇಕು. ಅವಳ ಗುಟ್ಟು ಬೀದಿಗೆ ಬೀಳಬಾರದು. ನಿಯಮ ಮಾಡುವ ಕೋಣೆಯಲ್ಲಿ ಅವಳಿಗೂ ಒಂದು ಕುರ್ಚಿ ಇರಬೇಕು. ಮತ್ತೆ, ಗೆದ್ದ ಮೇಲೆ ಗೆರೆ ಸರಿಸಬಾರದು. ಇಷ್ಟು ಕೇಳೋದು ಹೆಚ್ಚಾಯಿತಾ?

ಈ ಪತ್ರಿಕೆ ಓದುವ ಮೇಷ್ಟರುಗಳು, ಹಾಸ್ಟೆಲ್ ನೋಡಿಕೊಳ್ಳುವ ಗೆಳೆಯರು ಒಂದು ಕೆಲಸ ಮಾಡಬೇಕು. ನಿಮ್ಮಲ್ಲಿ ಓಡೋ ಹುಡುಗಿಯರಿಗೆ ಶಾಂತಿಯ, ದ್ಯುತಿಯ, ಫ್ರಾನ್ಸಿನಳ ಹೆಸರು ಹೇಳಿಕೊಡಿ. ಕಣ್ಣೀರಿನ ಕಥೆಯ ಹಾಗೆ ಹೇಳಬೇಡಿ. ಸಮಯ ಹೇಳಿ, ದೂರ ಹೇಳಿ. 800 ಮೀಟರಿಗೆ 1 ನಿಮಿಷ 55.47, 2000 ಮೀಟರಿಗೆ 5 ನಿಮಿಷ 21.56, 10,000 ಮೀಟರಿಗೆ 30 ನಿಮಿಷ 41.93 ಅಂತ ಗೋಡೆಯ ಮೇಲೆ ಬರೆಸಿ. ಗಂಡುಬೀರಿ ಅಂತ ಯಾರಾದರೂ ಅಂದರೆ, ಆ ಹುಡುಗಿಯನ್ನು ಕೋಣೆಯೊಳಕ್ಕೆ ಕಳಿಸಬೇಡಿ. ಅಂದವನನ್ನು ಮೈದಾನದಿಂದ ಆಚೆ ಕಳಿಸಿ.

ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ನಮ್ಮದು ಒಂದೇ ಅಹವಾಲು. ಮುಂದಿನ ಗೆರೆಯನ್ನು ಎಲ್ಲಿ ಎಳೀತೀರಿ, ಈಗಲೇ ಹೇಳಿಬಿಡಿ. ನಮ್ಮ ಹುಡುಗಿಯರು ಅದರಾಚೆಗೆ ಓಡೋ ಅಭ್ಯಾಸ ಶುರು ಮಾಡಬೇಕು.